ಒಂದು ಎಳೆ ಕಡಿಮೆಯಾದಾಗ

ಭೌತಶಾಸ್ತ್ರದ ಪ್ರಯೋಗಶಾಲೆಯ ಗೋಡೆಯ ಮೇಲೆ ಫಾರ್ಟಿನ್ ವಾಯುಭಾರಮಾಪಕವೊಂದು ತೂಗಾಡುತ್ತಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಚಾಮರಾಜನಗರದಲ್ಲಿ ಅದರ ಪಾದರಸದ ಕಂಬವು ಸುಮಾರು ೭೦ ಸೆಂಟಿಮೀಟರಿನ ಎತ್ತರದಲ್ಲಿ ನಿಲ್ಲುತ್ತದೆ. ಕಂಬದ ನೆತ್ತಿಗೆ ಕಣ್ಣನ್ನು ಸರಿಸಮನಾಗಿ ಹಿಡಿದು ಅಳತೆಯನ್ನು ಓದಬೇಕು. ಕಣ್ಣು ಕೆಳಗಿದ್ದರೆ ಅಳತೆ ತಪ್ಪುತ್ತದೆ. ಕೆಲವು ವರ್ಷಗಳ ಹಿಂದೆ, ಗುಂಡ್ಲುಪೇಟೆಯ ಕಡೆಯಿಂದ ತೆರಕಣಾಂಬಿಯ ಮೇಲೆ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಈ ಉಪಕರಣದ ಮುಂದೆ ನಿಂತಾಗ ಆಕೆಯ ಕಣ್ಣು ಅಲ್ಲಿಗೆ ಎಟುಕಲಿಲ್ಲ. ಸಂಗಡಿಗರು ನಕ್ಕರು. ನಾವು ಒಂದು ಸ್ಟೂಲನ್ನು ತರಿಸಿ, "ಇದರ ಮೇಲೆ ಹತ್ತಿ ನೋಡಮ್ಮ" ಎಂದೆವು. "ನಾಳೆಯಿಂದ ಮುಂದಿನ ಬೆಂಚಿನಲ್ಲೇ ಕೂತುಕೋ" ಎಂದೂ ಹೇಳಿದೆವು. ಅಷ್ಟಕ್ಕೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸಿದೆವು. ಆಗ ಆಕೆಗೆ ೧೭ ವರ್ಷ. ನೋಡಿದವರು ೧೦ ವರ್ಷದ ಬಾಲಕಿಯೆಂದೇ ತಿಳಿಯುತ್ತಿದ್ದರು.

ಕೆಲವು ತಿಂಗಳ ಬಳಿಕ ಆಕೆಯ ತಾಯಿ ಕಾಲೇಜಿಗೆ ಬಂದರು. ಮಗಳ ಬೆಳವಣಿಗೆಯ ಚಿಂತೆ ಅವರನ್ನು ಬಹುಕಾಲದಿಂದ ಕಾಡುತ್ತಿತ್ತು. ಒಬ್ಬರು ಟಾನಿಕ್ಕು ಕೊಟ್ಟಿದ್ದರು. ಮತ್ತೊಬ್ಬರು "ನಿಮ್ಮ ಮನೆತನವೇ ಗಿಡ್ಡ" ಎಂದು ಕಳುಹಿಸಿದ್ದರು. ಓರಗೆಯ ಹುಡುಗಿಯರಿಗೆಲ್ಲ ಸೋದರಮಾವಂದಿರು ಹಸಿರು ಸೊಪ್ಪಿನ ಗುಡಿಸಲು ಹಾಕಿ ಒಸಗೆ ನಡೆಸಿದ್ದಾಗಿತ್ತು. ಈ ಮನೆಯಲ್ಲಿ ಮಾತ್ರ ಆ ದಿನ ಬರಲೇ ಇಲ್ಲ. ಗೋಪಾಲಸ್ವಾಮಿ ಬೆಟ್ಟಕ್ಕೂ ಮಹದೇಶ್ವರನ ಬೆಟ್ಟಕ್ಕೂ ಹರಕೆ ಹೊತ್ತಿದ್ದರು. ಕಡೆಗೆ ಮೈಸೂರಿನ ವೈದ್ಯರೊಬ್ಬರು ರಕ್ತವನ್ನು ವಿಶೇಷ ಪರೀಕ್ಷೆಗೆ ಕಳುಹಿಸಿದರು. ಫಲಿತಾಂಶದ ಕಾಗದದ ಮೇಲೆ ಬರೆದಿದ್ದುದು "೪೫, ಎಕ್ಸ್" ಎಂಬ ಒಂದೇ ಸಾಲು. ಆ ಕಾಗದವನ್ನು ನಮ್ಮ ಮೇಜಿನ ಮೇಲಿಟ್ಟು ತಾಯಿ ಕೇಳಿದರು: "ಸ್ವಾಮಿ, ಇವಳು ಹೊಟ್ಟೆಯಲ್ಲಿದ್ದಾಗ ಗ್ರಹಣದ ಹೊತ್ತಿನಲ್ಲಿ ನಾನು ಅಂಗಳಕ್ಕೆ ಬಂದುಬಿಟ್ಟಿದ್ದೆ. ಅದಕ್ಕೇ ಹೀಗಾಯಿತೋ?"

ನಾವು ಭೌತಶಾಸ್ತ್ರ ಓದಿದವರು, ವೈದ್ಯರಲ್ಲ. ಗ್ರಹಣವೆಂದರೆ ನೆರಳು, ನೆರಳು ಗರ್ಭವನ್ನು ಮುಟ್ಟಲಾರದು ಎಂದು ಕೂಡಲೇ ಹೇಳಿದೆವು. ಆದರೆ ಅದು ಅರ್ಧ ಉತ್ತರ. ಗ್ರಹಣ ಕಾರಣವಲ್ಲವಾದರೆ ಮತ್ತಾವುದು? ಉಳಿದರ್ಧ ಉತ್ತರವನ್ನು ನಾವೂ ಓದಿಯೇ ತಿಳಿಯಬೇಕಾಯಿತು. ಹಾಗೆ ತಿಳಿದುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಲವತ್ತಾರು ಎಳೆಗಳು

ನಮ್ಮ ದೇಹ ಕೋಟ್ಯಂತರ ಜೀವಕೋಶಗಳಿಂದ ಆದುದು. ಪ್ರತಿಯೊಂದು ಕೋಶದ ಕೇಂದ್ರದಲ್ಲಿಯೂ ಅನುವಂಶೀಯ ಗುಣಗಳನ್ನು ಹೊತ್ತ ಸೂಕ್ಷ್ಮವಾದ ಎಳೆಗಳಿವೆ. ಕೋಶ ವಿಭಜನೆಯಾಗುವ ವೇಳೆಯಲ್ಲಿ ಇವಕ್ಕೆ ಬಣ್ಣ ಹಿಡಿಸಿದರೆ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಆದ್ದರಿಂದಲೇ ಇವಕ್ಕೆ ವರ್ಣತಂತುಗಳೆಂದು ಹೆಸರು.

ಮನುಷ್ಯನಲ್ಲಿ ಇವು ಎಷ್ಟು? ಈ ಸರಳ ಪ್ರಶ್ನೆಗೆ ವಿಜ್ಞಾನಿಗಳು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಪ್ಪು ಉತ್ತರ ಹೇಳುತ್ತಿದ್ದರೆಂದರೆ ಆಶ್ಚರ್ಯವಾಗದಿರದು. ೧೯೨೩ರಲ್ಲಿ ಅಮೆರಿಕದ ಪೇಂಟರ್ ಎಂಬವರು ೪೮ ಎಂದು ಎಣಿಸಿದರು. ಉಳಿದವರೂ ಅದನ್ನೇ ನಂಬಿದರು. ಎಳೆಗಳು ಒಂದರ ಮೇಲೊಂದು ಬಿದ್ದು, ಸಿಕ್ಕಾದ ನೂಲಿನ ಉಂಡೆಯಂತೆ ಕಾಣುತ್ತಿದ್ದುದೇ ಇದಕ್ಕೆ ಕಾರಣ. ಆ ಸಿಕ್ಕನ್ನು ಬಿಡಿಸಿದುದು ನಮ್ಮ ಶಾಸ್ತ್ರಕ್ಕೆ ಸೇರಿದ ಒಂದು ತತ್ತ್ವ. ಒಣದ್ರಾಕ್ಷಿಯನ್ನು ನೀರಿನಲ್ಲಿ ಹಾಕಿದರೆ ಅದು ಉಬ್ಬುತ್ತದೆಯಲ್ಲವೆ? ಸಿಪ್ಪೆಯ ಮೂಲಕ ನೀರು ಒಳಕ್ಕೆ ಹರಿಯುವುದರಿಂದ ಹಾಗಾಗುತ್ತದೆ. ೧೯೫೨ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಟಿ. ಸಿ. ಸು ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಉಪ್ಪಿನ ದ್ರಾವಣವೊಂದು ಆಕಸ್ಮಿಕವಾಗಿ ಇರಬೇಕಾದುದಕ್ಕಿಂತ ತೆಳುವಾಗಿಬಿಟ್ಟಿತ್ತು. ಅದರಲ್ಲಿಟ್ಟ ಕೋಶಗಳು ಒಣದ್ರಾಕ್ಷಿಯಂತೆ ಉಬ್ಬಿ, ಒಳಗಿನ ಎಳೆಗಳು ಬೇರೆ ಬೇರೆಯಾಗಿ ಹರಡಿಕೊಂಡವು. ಈ ಉಪಾಯವನ್ನು ಬಳಸಿ ೧೯೫೫ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಜಾವಾದಲ್ಲಿ ಹುಟ್ಟಿದ ಟಿಯೊ ಎಂಬ ವಿಜ್ಞಾನಿ ಎಣಿಸಿ ನೋಡಿದಾಗ ಸಿಕ್ಕಿದುದು ೪೬. ಟಿಯೊ ಮತ್ತು ಲೆವಾನ್ ಇದನ್ನು ೧೯೫೬ರಲ್ಲಿ ಪ್ರಕಟಿಸಿದರು.

ಈ ೪೬ ಎಳೆಗಳು ೨೩ ಜೊತೆಗಳಾಗಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ, ಮತ್ತೊಂದು ತಂದೆಯಿಂದ ಬಂದುದು. ೨೨ ಜೊತೆಗಳು ಸ್ತ್ರೀಪುರುಷರಲ್ಲಿ ಒಂದೇ ತೆರನಾಗಿರುತ್ತವೆ. ೨೩ನೆಯ ಜೊತೆಯಲ್ಲಿ ಸ್ತ್ರೀಗೆ ಎರಡು ಎಕ್ಸ್, ಪುರುಷನಿಗೆ ಒಂದು ಎಕ್ಸ್ ಮತ್ತು ಒಂದು ವೈ. ನಮ್ಮ ವಿದ್ಯಾರ್ಥಿನಿಯ ಕಾಗದದಲ್ಲಿದ್ದ "೪೫, ಎಕ್ಸ್" ಎಂಬುದರ ಅರ್ಥ ಈಗ ಸ್ಪಷ್ಟವಾಗುತ್ತದೆ. ಒಟ್ಟು ಎಳೆಗಳು ೪೫. ಕೊನೆಯ ಜೊತೆಯಲ್ಲಿ ಒಂದೇ ಎಕ್ಸ್ ಇದೆ, ಅದರ ಜೊತೆಗಾತಿ ಇಲ್ಲ.

ಏಳು ಮಂದಿಯ ಕಥೆ

ಎಳೆಗಳ ವಿಷಯ ತಿಳಿಯುವ ಮುಂಚೆಯೇ ವೈದ್ಯರು ಈ ಸ್ಥಿತಿಯನ್ನು ಗುರುತಿಸಿದ್ದರು. ೧೯೩೦ರಲ್ಲಿ ಜರ್ಮನಿಯ ಉಲ್‌ರಿಖ್ ಒಬ್ಬ ಬಾಲಕಿಯಲ್ಲಿ ಇದನ್ನು ವರ್ಣಿಸಿದರು. ೧೯೩೮ರಲ್ಲಿ ಅಮೆರಿಕದ ಓಕ್ಲಹೋಮಾದ ವೈದ್ಯ ಹೆನ್ರಿ ಟರ್ನರ್ ಏಳು ಮಂದಿ ಯುವತಿಯರನ್ನು ಕುರಿತು ಬರೆದರು. ಎಲ್ಲರೂ ಕುಳ್ಳಗಿದ್ದರು, ಯಾರೂ ಮೈನೆರೆದಿರಲಿಲ್ಲ, ಕತ್ತಿನ ಇಕ್ಕೆಲಗಳಲ್ಲಿ ಚರ್ಮದ ಮಡಿಕೆಯಿತ್ತು, ತೋಳನ್ನು ನೀಡಿದರೆ ಮೊಣಕೈಯ ಬಳಿ ಹೊರಕ್ಕೆ ಬಾಗುತ್ತಿತ್ತು. ಅಂದಿನಿಂದ ಇದಕ್ಕೆ ಟರ್ನರ್ ಲಕ್ಷಣಕೂಟವೆಂದು ಹೆಸರಾಯಿತು.

ಕಾರಣ ತಿಳಿದದ್ದು ಮೆಟ್ಟಿಲು ಮೆಟ್ಟಿಲಾಗಿ. ೧೯೪೯ರಲ್ಲಿ ಕೆನಡಾದ ಬಾರ್ ಮತ್ತು ಅವರ ಶಿಷ್ಯ ಬರ್ಟ್ರಮ್ ಬೆಕ್ಕಿನ ನರಕೋಶಗಳನ್ನು ನೋಡುತ್ತಿದ್ದರು. ಹೆಣ್ಣು ಬೆಕ್ಕಿನ ಕೋಶಕೇಂದ್ರದಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತಿತ್ತು. ಗಂಡಿನಲ್ಲಿ ಅದು ಇರಲಿಲ್ಲ. ಮನುಷ್ಯರಲ್ಲಿಯೂ ಹಾಗೆಯೇ ಎಂದು ಅನಂತರ ತಿಳಿಯಿತು. ೧೯೫೪ರಲ್ಲಿ ಲಂಡನ್ನಿನ ಪೊಲಾನಿ ಮತ್ತು ಅವರ ಸಂಗಡಿಗರು ಟರ್ನರ್ ಲಕ್ಷಣಕೂಟದ ಹುಡುಗಿಯರನ್ನು ಪರೀಕ್ಷಿಸಿದಾಗ ಅವರಲ್ಲಿ ಈ ಚುಕ್ಕೆ ಕಾಣಲಿಲ್ಲ. ಮುಂದೆ ೧೯೫೯ರಲ್ಲಿ ಇಂಗ್ಲೆಂಡಿನ ಹಾರ್ವೆಲ್ಲಿನಲ್ಲಿದ್ದ ಚಾರ್ಲ್ಸ್ ಫೋರ್ಡ್, ಪೊಲಾನಿ ಮೊದಲಾದವರು ಅಂಥ ಒಬ್ಬ ಬಾಲಕಿಯ ವರ್ಣತಂತುಗಳನ್ನು ಎಣಿಸಿ ೪೫ ಇರುವುದನ್ನು ಕಂಡುಕೊಂಡರು. ಹಾರ್ವೆಲ್ ಪರಮಾಣು ಸಂಶೋಧನೆಯ ಊರು. ವಿಕಿರಣದಿಂದ ಜೀವಿಗಳಿಗಾಗುವ ಹಾನಿಯನ್ನು ತಿಳಿಯಲು ಸ್ಥಾಪಿಸಿದ ಘಟಕವೊಂದರಲ್ಲಿ ಈ ಎಣಿಕೆ ನಡೆಯಿತು.

ಎಳೆ ಕಳೆದುಹೋಗುವ ಬಗೆ

ತಾಯಿಯ ಪ್ರಶ್ನೆಗೆ ಈಗ ಬರೋಣ. ಒಂದು ಶಾಲೆಯ ಮಕ್ಕಳನ್ನು ಬಂಡೀಪುರದ ಪ್ರವಾಸಕ್ಕೆ ಕರೆದೊಯ್ಯುತ್ತಾರೆಂದು ಭಾವಿಸಿರಿ. ೨೩ ಜೋಡಿ ಮಕ್ಕಳು, ಎರಡು ಬಸ್ಸು. ಪ್ರತಿ ಜೋಡಿಯಿಂದ ಒಬ್ಬರು ಈ ಬಸ್ಸಿಗೆ, ಇನ್ನೊಬ್ಬರು ಆ ಬಸ್ಸಿಗೆ ಹತ್ತಬೇಕು. ಎಷ್ಟೇ ಎಚ್ಚರವಹಿಸಿದರೂ ಎಂದೋ ಒಮ್ಮೆ ಒಂದು ಮಗು ಯಾವ ಬಸ್ಸನ್ನೂ ಹತ್ತದೆ ನಿಲ್ದಾಣದಲ್ಲೇ ಉಳಿದುಬಿಡಬಹುದು. ತಂದೆತಾಯಿಗಳ ದೇಹದಲ್ಲಿ ವೀರ್ಯಾಣು ಮತ್ತು ಅಂಡಾಣುಗಳು ಸಿದ್ಧವಾಗುವಾಗ ಎಳೆಗಳು ಹೀಗೆಯೇ ಹಂಚಿಕೆಯಾಗುತ್ತವೆ. ಆಗ ಒಂದು ಎಳೆ ಹಿಂದುಳಿದರೆ ಹುಟ್ಟುವ ಮಗುವಿನ ಕೋಶಗಳೆಲ್ಲದರಲ್ಲಿಯೂ ಆ ಎಳೆ ಇರುವುದಿಲ್ಲ. ಗರ್ಭ ಕಟ್ಟಿದ ಮೇಲೆ ಮೊದಲ ಕೆಲವು ವಿಭಜನೆಗಳಲ್ಲಿ ಎಳೆ ಜಾರಿದರೆ ಕೆಲವು ಕೋಶಗಳಲ್ಲಿ ೪೬, ಕೆಲವುಗಳಲ್ಲಿ ೪೫ ಇರುತ್ತವೆ. ಅಂಥವರಲ್ಲಿ ಲಕ್ಷಣಗಳು ಸೌಮ್ಯವಾಗಿರುವುದುಂಟು. ಟರ್ನರ್ ಲಕ್ಷಣಕೂಟದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಎಲ್ಲ ಕೋಶಗಳಲ್ಲಿಯೂ ಒಂದೇ ಎಕ್ಸ್ ಉಳ್ಳವರು. ಉಳಿದವರಲ್ಲಿ ಮಿಶ್ರಕೋಶಗಳಿರುತ್ತವೆ, ಇಲ್ಲವೆ ಎರಡನೆಯ ಎಕ್ಸ್‌ನ ಒಂದು ತುಣುಕು ಮುರಿದಿರುತ್ತದೆ ಅಥವಾ ಆಕಾರಗೆಟ್ಟಿರುತ್ತದೆ.

ಇದಕ್ಕೆ ಗ್ರಹಣ ಕಾರಣವಲ್ಲ. ಬಸುರಿಯಲ್ಲಿ ತಿಂದ ಆಹಾರ ಕಾರಣವಲ್ಲ. ಸೋದರಸಂಬಂಧದ ಮದುವೆಯೂ ಅಲ್ಲ. ತಾಯಿಯ ವಯಸ್ಸಿಗೂ ಇದಕ್ಕೂ ನಂಟು ಕಂಡುಬಂದಿಲ್ಲ. ಇದು ವಿಭಜನೆಯ ವೇಳೆಯಲ್ಲಿ ತಾನಾಗಿ ನಡೆಯುವ ಆಕಸ್ಮಿಕ. ನಮ್ಮ ಸಮಾಜದಲ್ಲಿ ಮಗುವಿನ ಪ್ರತಿಯೊಂದು ಕೊರತೆಯನ್ನೂ ತಾಯಿಯ ತಲೆಗೆ ಕಟ್ಟುವ ವಾಡಿಕೆಯಿದೆ. ಆದರೆ ಪರೀಕ್ಷಿಸಿ ನೋಡಿದಾಗ, ಒಂದೇ ಎಕ್ಸ್ ಉಳ್ಳವರಲ್ಲಿ ಬಹುಮಂದಿಗೆ ಉಳಿದಿರುವ ಆ ಎಕ್ಸ್ ತಾಯಿಯದೇ ಆಗಿದೆ. ಹಾಗೆಂದು ತಂದೆಯನ್ನು ದೂರುವುದೂ ಸಲ್ಲದು. ಆತನಿಗೂ ಇದರ ಮೇಲೆ ಯಾವ ಹಿಡಿತವೂ ಇಲ್ಲ.

ಹೀಗೆ ಒಂದು ಎಕ್ಸ್ ಮಾತ್ರ ಇರುವ ಭ್ರೂಣಗಳಲ್ಲಿ ನೂರಕ್ಕೆ ಸುಮಾರು ೯೯ ಗರ್ಭದಲ್ಲಿಯೇ ನಷ್ಟವಾಗುತ್ತವೆ. ಹುಟ್ಟಿ ಬಂದ ಮಗು ಬಹಳ ದೊಡ್ಡ ಕಂಟಕವನ್ನು ದಾಟಿ ಬಂದಿದೆಯೆಂದೇ ತಿಳಿಯಬೇಕು. ಎಕ್ಸ್ ಇಲ್ಲದೆ ವೈ ಒಂದೇ ಉಳಿದರಂತೂ ಭ್ರೂಣ ಬದುಕುವುದೇ ಇಲ್ಲ.

ನೊಣ ಹೇಳುವ ಪಾಠ

ಗುಂಡ್ಲುಪೇಟೆಯ ಸಂತೆಯಲ್ಲಿ ಕಳಿತ ಬಾಳೆಹಣ್ಣಿನ ಗೊನೆಯ ಸುತ್ತ ಹಾರಾಡುವ ಚಿಕ್ಕ ನೊಣವನ್ನು ಎಲ್ಲರೂ ಕಂಡಿದ್ದೇವೆ. ಇದರ ಬಳಗಕ್ಕೆ ಡ್ರಾಸೊಫಿಲ ಎಂದು ಹೆಸರು. ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಈ ನೊಣದ ನಾನಾ ತಳಿಗಳನ್ನು ಸಾಕಿ ಕಾಪಾಡುವ ಕೇಂದ್ರವೇ ಇದೆ. ಇದರಲ್ಲಿಯೂ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಎಕ್ಸ್ ಮತ್ತು ವೈ. ಆದರೆ ಒಂದೇ ಎಕ್ಸ್ ಇರುವ ನೊಣ ಸಂತಾನಶಕ್ತಿಯಿಲ್ಲದ ಗಂಡಾಗುತ್ತದೆ ಎಂಬುದನ್ನು ಅಮೆರಿಕದ ಬ್ರಿಜಸ್ ೧೯೧೬ರಲ್ಲಿಯೇ ತೋರಿಸಿದ್ದರು. ಅದೇ ಸ್ಥಿತಿಯಲ್ಲಿ ಮನುಷ್ಯರ ಮಗು ಹೆಣ್ಣಾಗುತ್ತದೆ! ನೊಣದಲ್ಲಿ ಗಂಡು ಹೆಣ್ಣನ್ನು ತೀರ್ಮಾನಿಸುವುದು ಎಕ್ಸ್‌ಗಳ ಲೆಕ್ಕ. ಮನುಷ್ಯರಲ್ಲಿ ಗಂಡಾಗಲು ವೈ ಇರಬೇಕು, ಅದಿಲ್ಲದಿದ್ದರೆ ಹೆಣ್ಣು. ಆದ್ದರಿಂದ ಟರ್ನರ್ ಲಕ್ಷಣಕೂಟದ ಹುಡುಗಿ ಸಂಪೂರ್ಣವಾಗಿ ಹೆಣ್ಣೇ. ಊರಿನ ನಾಲಿಗೆ ಇಂಥವರನ್ನು ಕುರಿತು ಆಡುವ ಕಟುಮಾತಿಗೆ ವಿಜ್ಞಾನದ ಆಧಾರ ಎಳ್ಳಷ್ಟೂ ಇಲ್ಲ.

ಇಲ್ಲಿ ಒಂದು ಒಗಟು ಏಳುತ್ತದೆ. ಪ್ರತಿ ಸ್ತ್ರೀಯ ಕೋಶದಲ್ಲಿಯೂ ಎರಡು ಎಕ್ಸ್‌ಗಳಲ್ಲಿ ಒಂದು ಮೌನವಾಗಿರುತ್ತದೆಂದು ಇಂಗ್ಲೆಂಡಿನ ಮೇರಿ ಲಯನ್ ೧೯೬೧ರಲ್ಲಿ ಹೇಳಿದರು. ಬಾರ್ ಕಂಡ ಕಪ್ಪು ಚುಕ್ಕೆ ಈ ಮೌನ ಎಕ್ಸೇ. ಹೇಗಿದ್ದರೂ ಒಂದು ಕೆಲಸ ಮಾಡದು. ಅದು ಇಲ್ಲವಾದರೆ ನಷ್ಟವೇನು? ಆ ಮೌನ ಪೂರ್ಣವಲ್ಲ ಎಂಬುದೇ ಉತ್ತರ. ಅದರ ಕೆಲವು ಜೀನುಗಳು ಎಚ್ಚರವಾಗಿದ್ದು ಕೆಲಸ ಮಾಡುತ್ತಲೇ ಇರುತ್ತವೆ. ೧೯೯೭ರಲ್ಲಿ ಗುರುತಿಸಲಾದ ಶಾಕ್ಸ್ ಎಂಬ ಜೀನು ಅಂಥದು. ಮೂಳೆಯ ಬೆಳವಣಿಗೆಗೆ ಅದರ ಎರಡು ಪ್ರತಿಗಳೂ ಬೇಕು. ಒಂದೇ ಇದ್ದರೆ ಎತ್ತರ ಕುಂಠಿತವಾಗುತ್ತದೆ.

ಗುರುತಿಸುವುದು ಹೇಗೆ?

ಕೆಲವು ಮಕ್ಕಳಲ್ಲಿ ಹುಟ್ಟಿದಾಗಲೇ ಅಂಗೈ, ಅಂಗಾಲುಗಳ ಮೇಲ್ಭಾಗ ಊದಿಕೊಂಡಿರುತ್ತದೆ. ಕತ್ತಿನಲ್ಲಿ ಸಡಿಲ ಚರ್ಮವಿರುತ್ತದೆ. ಅನೇಕರಲ್ಲಿ ಇಂಥ ಹೊರಗುರುತು ಏನೂ ಇರುವುದಿಲ್ಲ. ಎತ್ತರ ಕಡಿಮೆಯಿರುವುದೊಂದೇ ಸಾಮಾನ್ಯ ಚಿಹ್ನೆ. ಚಿಕಿತ್ಸೆ ಇಲ್ಲದಿದ್ದರೆ ಬೆಳೆದ ಮೇಲಿನ ಎತ್ತರ ತಮ್ಮ ಜನರಲ್ಲಿನ ಸ್ತ್ರೀಯರ ಸರಾಸರಿಗಿಂತ ಸುಮಾರು ೨೦ ಸೆಂಟಿಮೀಟರ್ ಕಡಿಮೆಯಾಗುತ್ತದೆ. ಅಂಡಾಶಯಗಳು ಬೇಗನೆ ಸೊರಗುವುದರಿಂದ ಬಹುಮಂದಿ ತಾವಾಗಿ ಮೈನೆರೆಯುವುದಿಲ್ಲ, ಗರ್ಭಕೋಶವೇನೋ ಇರುತ್ತದೆ.

ಎತ್ತರ, ಮೈನೆರೆಯುವಿಕೆ ಇವೆರಡೇ ಆಗಿದ್ದರೆ ಇಷ್ಟು ಆತುರಪಡಬೇಕಾಗಿರಲಿಲ್ಲ. ಮೂರು ನಾಲ್ಕು ಮಂದಿಯಲ್ಲಿ ಒಬ್ಬರಿಗೆ ಹೃದಯದಲ್ಲಿ ಕೊರತೆಯಿರುತ್ತದೆ. ಮಹಾಪಧಮನಿಯ ಕವಾಟದಲ್ಲಿ ಮೂರು ಎಸಳುಗಳಿರಬೇಕಾದಲ್ಲಿ ಎರಡೇ ಇರಬಹುದು, ಇಲ್ಲವೆ ಆ ಧಮನಿಯೇ ಒಂದೆಡೆ ಇರುಕಾಗಿರಬಹುದು. ಇವನ್ನು ಹೊರಗಿನಿಂದ ಕಾಣಲಾಗದು. ತಿಳಿಯದೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ಮೂತ್ರಪಿಂಡಗಳ ಆಕಾರದಲ್ಲಿ ವ್ಯತ್ಯಾಸ, ಪದೇ ಪದೇ ಕಿವಿ ಸೋರುವುದು, ವಯಸ್ಸಾದಂತೆ ಕಿವುಡು, ಥೈರಾಯಿಡ್ ಗ್ರಂಥಿಯ ತೊಂದರೆ, ಮಧುಮೇಹ, ಇವೂ ಇತರರಿಗಿಂತ ಹೆಚ್ಚು.

ಬುದ್ಧಿಗೆ ಕೊರತೆಯಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಓದು ಬರಹಗಳಲ್ಲಿ, ಮಾತಿನಲ್ಲಿ ಇವರು ಯಾರಿಗೂ ಕಡಿಮೆಯಲ್ಲ. ಕೆಲವರಿಗೆ ರೇಖಾಗಣಿತದ ಚಿತ್ರಗಳು, ನಕ್ಷೆಗಳು, ಲೆಕ್ಕಗಳು ಸ್ವಲ್ಪ ತೊಡಕೆನಿಸುತ್ತವೆ. ಅಧ್ಯಾಪಕರು ಇದನ್ನರಿತು ಒಂದೆರಡು ಬಾರಿ ಹೆಚ್ಚಾಗಿ ವಿವರಿಸಿದರೆ ಸಾಕು.

ಕಾಲದ ಬೆಲೆ

ಶಂಕೆ ಬಂದಾಗ ಮಾಡಬೇಕಾದ ಪರೀಕ್ಷೆ ಒಂದೇ: ತುಸು ರಕ್ತವನ್ನು ತೆಗೆದು, ಅದರ ಬಿಳಿಯ ಕಣಗಳನ್ನು ಸುಮಾರು ಮೂರು ದಿನ ಬೆಳೆಸಿ, ವಿಭಜನೆಯಾಗುತ್ತಿರುವಾಗ ತಡೆದು ನಿಲ್ಲಿಸಿ, ಅದೇ ಒಣದ್ರಾಕ್ಷಿಯ ಉಪಾಯದಿಂದ ಎಳೆಗಳನ್ನು ಹರಡಿ ಎಣಿಸುವುದು. ಕಳೆದುಹೋದ ಎಳೆಯನ್ನು ಮರಳಿ ಕೊಡಲು ಯಾವ ಔಷಧಿಗೂ ಸಾಧ್ಯವಿಲ್ಲ. ಆದರೆ ಅದರಿಂದಾಗುವ ಕೊರತೆಗಳನ್ನು ಬಹುಮಟ್ಟಿಗೆ ತುಂಬಬಹುದು.

ನಮ್ಮ ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ಪದರಗಳಿದ್ದು, ಎತ್ತರ ಬೆಳೆಯುವುದು ಅಲ್ಲಿಯೇ. ಪ್ರಾಯ ಬಂದ ಮೇಲೆ ಅವು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ, ಅನಂತರ ಬೆಳವಣಿಗೆಯಿಲ್ಲ. ಆದಕಾರಣ ಬೆಳವಣಿಗೆಯ ಹಾರ್ಮೋನಿನ ಚುಚ್ಚುಮದ್ದನ್ನು ಎಳೆಯ ವಯಸ್ಸಿನಲ್ಲಿಯೇ ಆರಂಭಿಸಿ ಕೆಲವು ವರ್ಷ ಮುಂದುವರಿಸಿದರೆ ಸರಾಸರಿ ೫ರಿಂದ ೮ ಸೆಂಟಿಮೀಟರಿನಷ್ಟು ಎತ್ತರ ಹೆಚ್ಚುತ್ತದೆ. ೧೧-೧೨ನೆಯ ವಯಸ್ಸಿನ ಹೊತ್ತಿಗೆ ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನನ್ನು ಅಲ್ಪ ಪ್ರಮಾಣದಲ್ಲಿ ಕೊಡಲು ತೊಡಗಿದರೆ ದೇಹ ಓರಗೆಯವರಂತೆ ಪ್ರಾಯಕ್ಕೆ ಬರುತ್ತದೆ, ಮೂಳೆಗಳೂ ಗಟ್ಟಿಯಾಗುತ್ತವೆ. ಹೃದಯ, ಮೂತ್ರಪಿಂಡ, ಕಿವಿಗಳ ಪರೀಕ್ಷೆ ಮೊದಲ ದಿನವೇ ಆಗಬೇಕು. ಹೃದಯ, ಕಿವಿಗಳನ್ನು ಜೀವನಪೂರ್ತಿ ಆಗಾಗ ನೋಡಿಸುತ್ತಿರಬೇಕು. ತಾವಾಗಿ ಗರ್ಭ ಧರಿಸುವವರು ವಿರಳ. ಬೇರೊಬ್ಬರ ಅಂಡಾಣುವಿನಿಂದ ತಾಯಿಯಾಗುವ ಮಾರ್ಗವಿದ್ದರೂ ಹೃದಯದ ಮೇಲೆ ಬೀಳುವ ಹೊರೆಯನ್ನು ತಜ್ಞರು ಮೊದಲೇ ತೂಗಿ ನೋಡಬೇಕಾಗುತ್ತದೆ.

ಈ ಹಾರ್ಮೋನಿನ ಬೆಲೆ ದುಬಾರಿ. ಬೇಸಾಯಗಾರರ ಮನೆಗೆ ಎಟುಕುವಂಥದಲ್ಲ. ಆದರೆ ದಾರಿ ಮುಚ್ಚಿಲ್ಲ. ಭಾರತ ಸರ್ಕಾರ ೨೦೨೧ರಲ್ಲಿ ಹೊರಡಿಸಿದ ವಿರಳ ರೋಗಗಳ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿ ಟರ್ನರ್ ಲಕ್ಷಣಕೂಟಕ್ಕೆ ಕೊಡುವ ಈ ಚಿಕಿತ್ಸೆಯೂ ಸೇರಿದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವನ್ನು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯೊಡನೆ ಈ ಕೆಲಸಕ್ಕೆ ಗೊತ್ತುಮಾಡಲಾಗಿದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯಲ್ಲಿ ವೈದ್ಯರ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಚಾಮರಾಜನಗರದಲ್ಲಿಯೇ ೨೦೧೬ರಿಂದ ವೈದ್ಯಕೀಯ ಕಾಲೇಜಿದೆ. ಕಿವಿಯ ಪರೀಕ್ಷೆಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಒಂದು ಸಣ್ಣ ಲೆಕ್ಕ

ಹುಟ್ಟುವ ೨,೦೦೦ದಿಂದ ೨,೫೦೦ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಈ ಸ್ಥಿತಿಯಿರುತ್ತದೆಂದು ಅಂದಾಜು. ೨೦೧೧ರ ಜನಗಣತಿಯಂತೆ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ ೧೦ ಲಕ್ಷಕ್ಕೆ ತುಸು ಹೆಚ್ಚು. ಅದರಲ್ಲಿ ಸ್ತ್ರೀಯರು ಸುಮಾರು ೫ ಲಕ್ಷ. ೫ ಲಕ್ಷವನ್ನು ೨,೫೦೦ರಿಂದ ಭಾಗಿಸಿರಿ: ೨೦೦. ಗುಂಡ್ಲುಪೇಟೆ ತಾಲ್ಲೂಕೊಂದರಲ್ಲಿಯೇ ಸುಮಾರು ೪೦. ಇದು ಎಣಿಸಿದ ಸಂಖ್ಯೆಯಲ್ಲ, ಲೆಕ್ಕದಿಂದ ಬಂದ ಅಂದಾಜು. ಆದರೂ ಅಂಥವರಲ್ಲಿ ಎಷ್ಟು ಮಂದಿಗೆ ತಮ್ಮ ಸ್ಥಿತಿಯ ಹೆಸರು ಗೊತ್ತು? ಎಷ್ಟು ಮಂದಿಯ ಹೃದಯವನ್ನು ಒಮ್ಮೆಯಾದರೂ ಪರೀಕ್ಷಿಸಲಾಗಿದೆ? ಎಷ್ಟು ತಾಯಂದಿರು ಗ್ರಹಣವನ್ನು ನೆನೆದು ಇರುಳೆಲ್ಲ ನಿದ್ದೆಗೆಡುತ್ತಿದ್ದಾರೆ?

ಈ ಪತ್ರಿಕೆಯನ್ನೋದುವ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದುಂಟು. ಮನೆಯಲ್ಲಿ ತಂಗಿಯರಿದ್ದರೆ ಪ್ರತಿ ಯುಗಾದಿಯಂದು ಅವರನ್ನು ಬಾಗಿಲ ಕಂಬಕ್ಕೆ ಒರಗಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಸೀಸದ ಕಡ್ಡಿಯಿಂದ ಗೆರೆ ಎಳೆದು ತಾರೀಖು ಬರೆಯಿರಿ. ಶಾಲೆಗೆ ಹೋಗುವ ವಯಸ್ಸಿನ ಮಗು ವರ್ಷಕ್ಕೆ ೫ ಸೆಂಟಿಮೀಟರಿನ ಆಸುಪಾಸಿನಲ್ಲಿ ಬೆಳೆಯಬೇಕು. ಎರಡು ವರ್ಷದ ಗೆರೆಗಳು ತೀರ ಹತ್ತಿರವಾದರೆ, ಅಥವಾ ೧೩ ತುಂಬಿದರೂ ಪ್ರಾಯದ ಯಾವ ಸೂಚನೆಯೂ ಕಾಣದಿದ್ದರೆ, ಟಾನಿಕ್ಕಿಗೂ ಹರಕೆಗೂ ಕಾಲ ಕಳೆಯದೆ ಮಕ್ಕಳ ವೈದ್ಯರ ಬಳಿಗೆ ಕರೆದೊಯ್ಯಿರಿ. ಕುಳ್ಳಗಿರುವುದಕ್ಕೆ ಬೇರೆ ಕಾರಣಗಳೂ ಬಹಳ. ಯಾವುದೆಂದು ತೀರ್ಮಾನಿಸುವುದು ಅವರ ಕೆಲಸ.

ನಮ್ಮ ವಿದ್ಯಾರ್ಥಿನಿಗೆ ೧೭ನೆಯ ವಯಸ್ಸಿನಲ್ಲಿ ಎತ್ತರ ಬೆಳೆಸುವ ಕಾಲ ಬಹುಮಟ್ಟಿಗೆ ಮೀರಿಹೋಗಿತ್ತು. ಉಳಿದ ಚಿಕಿತ್ಸೆ ಆರಂಭವಾಯಿತು. ಹೃದಯವನ್ನು ಅಂದು ಮೊದಲ ಬಾರಿಗೆ ಪರೀಕ್ಷಿಸಿದರು. ಆಕೆ ಪದವಿ ಮುಗಿಸಿದಳು. ತಾಯಿಯ ಪ್ರಶ್ನೆಗೆ ನಾವು ಪೂರ್ಣವಾಗಿ ಉತ್ತರ ಹೇಳಿದ ದಿನ ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಯಾರ ತಪ್ಪೂ ಅಲ್ಲವಲ್ಲ, ಅಷ್ಟು ಸಾಕು" ಎಂದರು. ನಾವು ಮಾತ್ರ ಹಾಗೆನ್ನಲಾರೆವು. ಆಕೆಯನ್ನು ದಿನವೂ ಎದುರಿಗೆ ಕಂಡೂ ಏನೊಂದನ್ನೂ ಕೇಳದೆ, ಸ್ಟೂಲು ತರಿಸಿ ಸುಮ್ಮನಾದುದು ನಮ್ಮ ತಪ್ಪು.

ಆ ವಾಯುಭಾರಮಾಪಕವನ್ನು ಅನಂತರ ಒಂದು ಗೇಣು ಕೆಳಗಿಳಿಸಿ ತೂಗುಹಾಕಿದೆವು. ಅಷ್ಟು ಇಳಿಸಿದುದರಿಂದ ಪಾದರಸದ ಕಂಬದಲ್ಲಾಗುವ ವ್ಯತ್ಯಾಸ ಒಂದು ಮಿಲಿಮೀಟರಿನ ಐವತ್ತರಲ್ಲೊಂದು ಪಾಲು. ವರ್ನಿಯರಿಗೂ ಅದು ಸಿಕ್ಕದು. ಈಗ ಎಲ್ಲರೂ ನೆಲದ ಮೇಲೆ ನಿಂತೇ ಅದನ್ನು ಓದುತ್ತಾರೆ. ಎತ್ತರದವರು ಸ್ವಲ್ಪ ಬಾಗುತ್ತಾರೆ, ಅಷ್ಟೆ.